ಏಳು ತಿಂಗಳ ಕೂಸುಗಳ ಜಾಗ

ಮಾಘದ ಚಳಿ ಇನ್ನೂ ಬಿಟ್ಟಿರಲಿಲ್ಲ. ಬೆಳಿಗ್ಗೆ ಎಂಟು ಗಂಟೆಯಿರಬಹುದು. ಒಂಟಿಕೊಪ್ಪಲಿನ ನಮ್ಮ ಮನೆಯ ಜಗುಲಿಯಲ್ಲಿ ಬಿಸಿಲು ಕಾಯಿಸುತ್ತಾ ಕೂತಿದ್ದೆ. ತಂಗಿ ಪ್ರೇಮಲೀಲಾ ಆಟೋ ಇಳಿದಳು. ಗುಂಡ್ಲುಪೇಟೆಯಿಂದ ಮೊದಲ ಬಸ್ಸಿಗೇ ಹೊರಟುಬಂದಿದ್ದಳು. ಚೀಲ ಕೆಳಗಿಡುವ ಮೊದಲೇ ಕೇಳಿದಳು:

"ಅಣ್ಣ, ನನಗಿಂತ ಮುಂಚೆ ಅವ್ವಂಗೆ ಎರಡು ಕೂಸು ಸತ್ತೇ ಹುಟ್ಟಿದ್ವಲ್ಲ, ಅವನ್ನ ಎಲ್ಲಿ ಮಣ್ಣು ಮಾಡಿದ್ರು?"

ಹೋದ ತಿಂಗಳು ಅವಳ ಮೊಮ್ಮಗಳು ರಕ್ಷಿತಾಗೆ ಏಳು ತಿಂಗಳಿಗೇ ಹೆರಿಗೆಯಾಗಿ, ಕೂಸು ಸತ್ತೇ ಹುಟ್ಟಿತ್ತು. ಆಸ್ಪತ್ರೆಯವರು ತೂಕ, ತಾರೀಕು ಬರೆದು ಒಂದು ಕಾಗದ ಕೊಟ್ಟಿದ್ದರು.

"ಅದಕ್ಕೊಂದು ಚೀಟಿಯಾದ್ರೂ ಅದೆ. ನಮ್ಮವಕ್ಕೆ ಏನೂ ಇಲ್ವಲ್ಲ. ನಿಂಗೆ ಎಲ್ಲಾ ಜ್ಞಾಪಕ ಇರ್ತದೆ, ಹೇಳು."

"ಇಲ್ಲ ಕಣಮ್ಮ, ಮರ್ತೋಗ್ಬುಟ್ಟದೆ" ಅಂದೆ.

ಮರೆತಿರಲಿಲ್ಲ. ಎರಡು ಸಲವೂ ನೀರಿನ ಚೊಂಬು ಹಿಡಿದು ಅಪ್ಪನ ಹಿಂದೆ ಹೋದವನು ನಾನು. ಮೊದಲನೆಯದು ಗಂಡು, ಆಗ ನನಗೆ ಏಳು ವರ್ಷ. ಎರಡನೆಯದು ಹೆಣ್ಣು, ಆಗ ಒಂಬತ್ತು. ಜಾಗ ಗೊತ್ತಾದರೆ ತಾಯಿ ಅಲ್ಲೇ ಹೋಗಿ ಕೂರುತ್ತಾಳೆ, ಮುಂದಿನ ಬಸಿರು ನಿಲ್ಲುವುದಿಲ್ಲ ಎಂದು ಅಪ್ಪ ನನ್ನಿಂದ ಲಿಂಗ ಮುಟ್ಟಿಸಿ ಆಣೆ ಮಾಡಿಸಿಕೊಂಡಿದ್ದರು. ಆಮೇಲೆ ಪ್ರೇಮಲೀಲಾ ಹುಟ್ಟಿದಳು, ಬದುಕಿದಳು. ಅಪ್ಪನೂ ತೀರಿಕೊಂಡರು. ಆದರೂ ಅವ್ವ ಕೇಳಿದಾಗಲೆಲ್ಲ ಮರೆತಿದೆ ಎಂದೇ ಹೇಳಿದೆ. ಈಗ ತಂಗಿಗೆ ಜಾಗ ತೋರಿಸಿದರೆ ಅವ್ವನಿಗೆ ಹೇಳಿದ ಸುಳ್ಳೂ ಬಯಲಾಗುತ್ತದೆ. ನನಗೆ ಉಳಿದಿರುವವಳು ಅವಳೊಬ್ಬಳು. ಅವಳೂ ನನ್ನನ್ನು ಬಿಟ್ಟರೆ ಎಂಬ ಹೆದರಿಕೆ.

ಮಾರನೇ ದಿನ ಜನನ ಮರಣ ಬರೆಯುವ ಕಚೇರಿಗೆ ಕರೆದುಕೊಂಡು ಹೋದಳು.

"ಹೆಸರೇನಜ್ಜಿ?" ಎಂದ ಗುಮಾಸ್ತ.

"ಹೆಸರಿಟ್ಟಿರ್ಲಿಲ್ಲ ಕಣಪ್ಪ."

"ಮನೇಲೇ ಹೆರಿಗೆನಾ? ಬರೆಸಿಲ್ಲ ಅಂದ್ಮೇಲೆ ಎಲ್ಲಿಂದ ತರ್ಲಿ? ಹೆಸರಿರೋರದ್ದೇ ಸಿಕ್ತಿಲ್ಲ ನಮಗೆ."

ಅಲ್ಲಿಗೆ ಮುಗಿಯಿತೆಂದುಕೊಂಡೆ. ಅವಳು ಬಿಡಲಿಲ್ಲ. ನಮ್ಮವರ ರುದ್ರಭೂಮಿಯ ಪುಸ್ತಕ ಮಠದಲ್ಲಿರುತ್ತದೆ ಎಂದು ಮರುದಿನ ಅಲ್ಲಿಗೆ ಹೊರಡಿಸಿದಳು. ಪುಸ್ತಕ ನೋಡಿಕೊಳ್ಳುವ ಚಂದ್ರಮೌಳಿ ಹಳೇ ಹಾಳೆಗಳನ್ನು ನಿಧಾನವಾಗಿ ತಿರುವಿದ. ಅಪ್ಪನ ಹೆಸರು ಎಲ್ಲೂ ಇರಲಿಲ್ಲ. ಇನ್ನೊಂದು ಸಲ ನೋಡಪ್ಪ ಎಂದು ತಂಗಿ ಬೇಡಿಕೊಳ್ಳುತ್ತಿದ್ದಳು. ನೋಡಲಾರದೆ ಬಾಯಿಬಿಟ್ಟೆ.

"ಇರಲ್ಲ ಕಣಮ್ಮ. ಬಸುರಿಗೆ ಎಂಟನೇ ತಿಂಗಳಲ್ಲಿ ತಾನೇ ಹೊಟ್ಟೆಯೊಳಗಿನ ಕೂಸಿಗೂ ಲಿಂಗ ಕಟ್ಟೋದು? ನಮ್ಮವು ಏಳಕ್ಕೇ ಬಂದ್ಬುಟ್ವು. ಲಿಂಗ ಇಲ್ಲದ ಕೂಸಿಗೆ ಇಲ್ಲಿ ಜಾಗ ಇಲ್ಲ ಅಂದ್ರು ಅಪ್ಪ."

"ಯಾರ್ ಹೇಳಿದ್ದು ಯಜಮಾನ್ರೇ?" ಚಂದ್ರಮೌಳಿ ಪುಸ್ತಕವನ್ನು ನನ್ನ ಕಡೆ ತಿರುಗಿಸಿದ. "ನೋಡಿ, ಲಿಂಗಧಾರಣೆಯಾಗದ ಶಿಶು. ಅದೇ ವರ್ಷ. ಇಲ್ಲಿ ಇನ್ನೊಂದು. ಆಗ ಮಠದ ಸ್ವಾಮಿಗಳಾಗಿದ್ದ ಬುದ್ಧಿಯೋರು ತಾವೇ ಲಿಂಗ ಕಟ್ಟಿ ಮಣ್ಣು ಕೊಡ್ತಿದ್ರು. ಬಂದು ಕೇಳಿದ್ರೆ ಸಾಕಿತ್ತು."

ಅಪ್ಪ ಕೇಳಿರಲಿಲ್ಲ. ಆಚಾರವೆಲ್ಲ ತನಗೆ ಗೊತ್ತೆಂದು ನಡೆಯುವ ಮನುಷ್ಯ. ಎಲ್ಲರ ಜೊತೆ ಇರಬಹುದಾಗಿದ್ದ ಎರಡು ಕೂಸುಗಳನ್ನು ಹೊಲದ ಬದುವಿನಲ್ಲಿ ಬಿಟ್ಟುಬಂದಿದ್ದರು. ಆ ತಪ್ಪನ್ನು ಇಷ್ಟು ವರ್ಷ ಬಚ್ಚಿಟ್ಟು ಕಾದವನು ನಾನು.

ಮಠದ ಮೆಟ್ಟಿಲ ಮೇಲೆ ತಂಗಿ ನನ್ನ ಕೈ ಹಿಡಿದು ನಿಲ್ಲಿಸಿದಳು. "ಹಂಗಾದ್ರೆ ಎಲ್ಲಿಟ್ರು?"

"ಬೋಗಾದೀಲಿ" ಅಂದೆ.

ನಮ್ಮ ಹೊಲವಿದ್ದ ಕಡೆ ಈಗ ಮೂರಂತಸ್ತಿನ ಪಿಜಿ. ಹತ್ತಿರದ ಆಂಜನೇಯನ ಗುಡಿ ಮಾತ್ರ ಹಳೆಯದು. ಅದರ ಹಿಂದಿನ ಗೋಡೆಯಿಂದ ಹೆಜ್ಜೆ ಹಾಕಿಕೊಂಡು ಹೋಗಿ, ಸಾಲಾಗಿ ಬೈಕು ನಿಲ್ಲಿಸಿದ್ದ ಸಿಮೆಂಟಿನ ನೆಲದ ಮೇಲೆ ನಿಂತೆ. ಅಡುಗೆಮನೆಯಿಂದ ಒಬ್ಬ ಹೆಂಗಸು ಇಣುಕಿದಳು.

"ರೂಮ್ ಖಾಲಿ ಇಲ್ಲ ಕಣ್ರೀ. ಯಾರು ಬೇಕಿತ್ತು?"

"ನಮ್ಮೋರು ಇಬ್ರು ಇಲ್ಲೇ ಅವ್ರೆ" ಎಂದಳು ಪ್ರೇಮಲೀಲಾ.

"ಯಾವ ರೂಮು?"

ತಂಗಿ ಚಪ್ಪಲಿ ಬಿಟ್ಟು, ಬೈಕುಗಳ ನಡುವೆ ಕುಕ್ಕರುಗಾಲಲ್ಲಿ ಕೂತು ನೆಲದ ಮೇಲೆ ಅಂಗೈ ಇಟ್ಟಳು. ತಲೆಯೆತ್ತದೆ ಕೇಳಿದಳು: "ಅವ್ವ ನಿನ್ನ ಕೇಳಿದ್ಲಾ?"

ಇನ್ನೊಂದು ಸುಳ್ಳು ಹೇಳಲು ನನ್ನಿಂದಾಗಲಿಲ್ಲ. "ಕೇಳಿದ್ಲು. ಸಾಯೋ ವರ್ಷದವರೆಗೂ."

"ಹಬ್ಬದ ದಿನ ಹಿತ್ತಿಲಲ್ಲಿ ನಾಲ್ಕು ದಿಕ್ಕಿಗೂ ಎರಡೆರಡು ತುತ್ತು ಇಡ್ತಿದ್ಲು. ಕಾಗೆಗೆ ಅಂದ್ಕೊಂಡಿದ್ದೆ ನಾನು. ದಿಕ್ಕೊಂದಾದ್ರೂ ಹೇಳ್ಬೋದಿತ್ತು ಅಣ್ಣ ನೀನು."

"ಆಣೆ ಇತ್ತು ಕಣಮ್ಮ."

"ಅಪ್ಪ ಸತ್ತ ಮೇಲೂನಾ?"

ಆಟೋದಲ್ಲಿ ಅವಳು ಆ ತುದಿಗೆ ಸರಿದು ಕೂತಳು. ರಾತ್ರಿ ಊಟಕ್ಕೆ ಕರೆದರೆ ಹಸಿವಿಲ್ಲ ಎಂದಳು. ಬೆಳಿಗ್ಗೆ ಬಸ್‌ಸ್ಟ್ಯಾಂಡಿನವರೆಗೆ ಬರುತ್ತೇನೆಂದು ಕೋಲು ತೆಗೆದುಕೊಂಡೆ. ಬೇಡ ಎಂದು ಗೇಟನ್ನು ತಾನೇ ಎಳೆದುಕೊಂಡು, ಪ್ರೇಮಲೀಲಾ ಹೊರಟುಹೋದಳು.