ಎಸ್ ಸಿಗದ ವರದಿ

ಓಮಿಕ್ರಾನ್ ಹಬ್ಬಿದ್ದ ಜನವರಿ. ಸೇಡಂನ ಸಣ್ಣ ಪ್ರಯೋಗಾಲಯದ ಗಾಜಿನ ಬಾಗಿಲನ್ನು ಸಿದ್ಧಲಿಂಗ ಹಾರೆಯಿಂದ ಒಡೆದು ಒಳನುಗ್ಗಿದ. ಮಾದರಿಗಳನ್ನು ಪರೀಕ್ಷಿಸುತ್ತ ಕೂತಿದ್ದ ತಂತ್ರಜ್ಞೆ ಲುಂಬಿನಿಯ ಕುತ್ತಿಗೆಗೆ ಚೂರುಗಳು ಸಿಡಿದು ರಕ್ತ ಜಿನುಗಿತು.

ಅವನ ತಾಯಿ ಮಹಾದೇವಮ್ಮನಿಗೆ ಕೊರೊನಾ ಇದೆಯೆಂದು ವರದಿ ಕೊಟ್ಟವಳು ಲುಂಬಿನಿ. ಐನಾಪುರದ ಆ ಮುದುಕಿ ಹಿಂದಿನ ದಿನವಷ್ಟೇ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು.

"ಎಸ್ ಇಲ್ಲಂತ ನೀನೇ ಬರ್ದೀದಿ!" ವರದಿಯನ್ನು ಅವಳ ಮುಖಕ್ಕೆ ಎಸೆದ. "ರೋಗ ಇಲ್ದಾಕಿನ್ನ ರೋಗದವರ ನಡುವ ಹಾಕಿ ಕೊಂದ್ರಿ!"

"ಕೇಳ್ರಿ ಅಣ್ಣಾ, ವೈರಸ್ಸಿನ ಗುಣ ಎಲ್ಲಾ ಬರ್ದಿರೋದು ಒಂದೇ ಎಳೀದಾಗ. ಮಷೀನು ಅದರ ಮೂರು ಭಾಗ ಹುಡುಕ್ತದ. ಮುಂದಿನ ಭಾಗ ನಕಲು ಮಾಡ್ಕೊಳ್ಳೋ ಕೆಲಸದ್ದು. ಆಮ್ಯಾಲ ಮೈಮ್ಯಾಲಿನ ಮುಳ್ಳಿಂದು, ಅದೇ ಎಸ್. ಕಡೀಕ ಎಳೀ ಸುತ್ತಿಡೋ ಎನ್. ಈ ಹೊಸ ತಳೀದಾಗ ಎಸ್ ಒಂದೀಟು ಬದಲಾಗ್ಯದ, ಅದಕ್ಕ ಮಷೀನಿಗೆ ಸಿಗಂಗಿಲ್ಲ. ಉಳಿದೆರಡೂ ಸಿಕ್ಕಾವ, ಅಂದ್ರ ರೋಗ…"

ಮಾತು ಮುಗಿಯುವ ಮೊದಲೇ ಹಾರೆ ಅವಳ ಬಲಗೈ ಮೇಲೆ ಬಿತ್ತು. ಮೂಳೆ ಮುರಿದ ಸದ್ದು ಅವಳಿಗೇ ಕೇಳಿಸಿತು. ಜೊತೆಗಾರ ದೇವಿಂದ್ರ ಅಡ್ಡ ಬಂದ. ಎರಡನೇ ಏಟು ಅವನ ಕಣ್ಣಿಗೆ ಬಿತ್ತು. ಮುಖ ಮುಚ್ಚಿಕೊಂಡ ಅವನ ಬೆರಳುಗಳ ಸಂದಿಯಿಂದ ರಕ್ತ ಸುರಿಯಿತು.

ಅಷ್ಟರಲ್ಲಿ ಬೀದಿಯ ಜನ ಒಳನುಗ್ಗಿ ಸಿದ್ಧಲಿಂಗನನ್ನು ಕೆಡವಿ ತುಳಿಯತೊಡಗಿದರು. ನೆಲದ ಮೇಲೆ ಬಿದ್ದಿದ್ದ ಲುಂಬಿನಿ, "ಹೊಡೀರಿ ಅವಂಗ!" ಎಂದು ಚೀರಿದಳು. ಯಾರದೋ ಚಪ್ಪಲಿಯ ಕೆಳಗೆ ಅವನ ಮೂಗು ಜಜ್ಜಿಹೋಯಿತು. "ಯವ್ವಾ… ಯವ್ವಾ…" ಎಂದು ಅವನು ಕೂಗಿದಾಗ ಅವಳು ಎಡಗೈಯೂರಿ ಎದ್ದು ಕೂತಳು. "ಸಾಕು! ಸತ್ತಾನು, ಬಿಡ್ರಿ!" ಎಂದಳು. ಪೊಲೀಸರು ಬರುವವರೆಗೂ ಯಾರೂ ಬಿಡಲಿಲ್ಲ.

ದೇವಿಂದ್ರನ ಒಂದು ಕಣ್ಣು ಹೋಯಿತು.

ತಿಂಗಳು ಕಳೆದ ಮೇಲೆ ಸಿದ್ಧಲಿಂಗನ ತಂದೆ ಮಡಿವಾಳಯ್ಯ ಚಿತ್ತಾಪುರದ ಅವಳ ಮನೆಗೆ ಬಂದ. ಒಳಗೆ ಕರೆದರೂ ಬಾರದೆ ಕಟ್ಟೆಯ ಮೇಲೇ ಕುಳಿತ.

"ಖರೇ ಹೇಳವ್ವಾ, ನಮ್ಮಾಕಿಗೆ ರೋಗ ಇತ್ತೇನು?"

"ಇತ್ತರಿ." ವೈರಸ್ಸಿನ ಎಳೆಯ ಸಂಗತಿಯನ್ನು ಅವಳು ಮತ್ತೆ ಬಿಡಿಸಿ ಹೇಳಿದಳು. ಮುದುಕ ನಡುವೆ ಎರಡು ಸಲ ತಡೆದು ಕೇಳಿ ತಿಳಿದುಕೊಂಡ. ಆಮೇಲೆ ಟವೆಲು ಬಾಯಿಗೆ ಒತ್ತಿಕೊಂಡು ಭುಜ ಅಲುಗುವಂತೆ ಅತ್ತ.

"ಅಂವಗ ಜೈಲಿನಿಂದ ಬಿಡಿಸಂತ ಕೇಳಾಕ ಬಂದಿಲ್ಲ," ಎಂದ ಕೊನೆಗೆ.

ಕೇಳಿದ್ದರೂ ಅವಳು ಒಪ್ಪುತ್ತಿರಲಿಲ್ಲ. ಎಡಗೈಯಿಂದಲೇ ಚಹಾ ತಂದುಕೊಟ್ಟಳು. ವಿಚಾರಣೆಯ ದಿನ ಕೋರ್ಟಿನಲ್ಲಿ ನಡೆದದ್ದನ್ನೆಲ್ಲ ಹೇಳಿದಳು, ತಾನು "ಹೊಡೀರಿ" ಎಂದದ್ದನ್ನೂ. ಸಿದ್ಧಲಿಂಗ ತಲೆಯೆತ್ತಿ ಅವಳನ್ನು ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ.