ಹದಿನಾಲ್ಕು ಅಡಿಯ ಹಾವು

ಮಾಕಳಿದುರ್ಗದ ತಪ್ಪಲಲ್ಲಿ ಹಾವು ಹಿಡಿಯುವ ಬೈರೇಶನ ಬೈಕಿನ ಸದ್ದು ಕೇಳಿದರೆ ಸಾಕು, ನಾಗರಹಾವುಗಳು ತಾವೇ ಚೀಲದೊಳಗಿಳಿದು ಬಾಯಿ ಕಟ್ಟಿಕೊಳ್ಳುತ್ತಿದ್ದವು. ಅಂಥವನನ್ನು ದೇವನಹಳ್ಳಿ ಬಳಿಯ ವಿಶ್ವವಿದ್ಯಾಲಯ ಉಪನ್ಯಾಸ ಕೇಳಲು ಕರೆದದ್ದು ಅವನ ಪುಣ್ಯವಲ್ಲ, ವಿಶ್ವವಿದ್ಯಾಲಯದ್ದು. ಸಭಾಂಗಣ ಎಷ್ಟು ದೊಡ್ಡದೆಂದರೆ, ವಿಮಾನವೊಂದು ದಾರಿ ತಪ್ಪಿ ಒಳಗಿಳಿದಿದ್ದರೂ ಹಿಂದಿನ ಸಾಲಿನವರಿಗೆ ಗೊತ್ತಾಗುತ್ತಿರಲಿಲ್ಲ.

ಬೈರೇಶ್ ಹೋದದ್ದು ಒಂದೇ ಮಾತು ಕೇಳಲಿಕ್ಕೆ. ಅವನಿಗೆ ಒಂಬತ್ತು ವರ್ಷವಿದ್ದಾಗ, ಒಂದು ಮುಂಜಾನೆ, ಚಾಪೆಯ ಮೇಲೆ ಮಲಗಿದ್ದ ಐದು ವರ್ಷದ ತಂಗಿ ಅರ್ಪಿತಳಿಗೆ ಹಾವು ಕಚ್ಚಿತ್ತು. ದೊಡ್ಡವರು ಊರ ಪದ್ಧತಿಯಂತೆ ಬೇವಿನೆಲೆ ಕೊಟ್ಟು, ಮಗುವಿಗೆ ತಿನ್ನಿಸೆಂದು ಅವನನ್ನೇ ಒಳಗೆ ಕಳಿಸಿದ್ದರು. ಕಹಿಯೆಂದರೆ ವಿಷ ಏರಿಲ್ಲ, ಸಪ್ಪೆಯೆಂದರೆ ಆಸ್ಪತ್ರೆ.

ಎಲೆ ಅಗಿದ ಅರ್ಪಿತ ಅವನ ಕಿವಿಯಲ್ಲಿ, "ಸಪ್ಪಗೈತೆ ಅಣ್ಣ. ಕಹಿ ಅಂದ್ಬಿಡು, ಸೂಜಿ ಬ್ಯಾಡ," ಎಂದಳು.

ಅವನು ಹೊರಗೆ ಬಂದು ಕಹಿಯಂತೆ ಎಂದ. ಮನೆಯವರು ನಿರಾಳವಾಗಿ ಹೊಲಕ್ಕೆ ಹೋದರು. ಸಂಜೆಗೆ ಮಗು ಇರಲಿಲ್ಲ.

ಅಳು ನಿಲ್ಲದ ತಾಯಿ ಪಿಳ್ಳಮ್ಮನಿಗೆ ಅವನು ಹೇಳಿದ: ಕಚ್ಚಿದ್ದು ಆರಡಿಯ ಹಾವು, ಯಾವ ಔಷಧಿಗೂ ಬಗ್ಗುವಂಥದ್ದಲ್ಲ. ತಂಗಿ ಐದು ವರ್ಷಕ್ಕೇ ನಿಂತಳು. ಹಾವು ಮಾತ್ರ ವರ್ಷವರ್ಷವೂ ಬೆಳೆದು ಈಗ ಹದಿನಾಲ್ಕು ಅಡಿ ಮುಟ್ಟಿತ್ತು.

ವಿಷದ ಬಗ್ಗೆ ಮಾತಾಡಿದ ರವಿಶಂಕರ್ ಎಂಬ ವಿಜ್ಞಾನಿಗೆ ಬೈರೇಶ್ ಬೇವಿನೆಲೆಯ ವಿಚಾರ ಕೇಳಿದ. ಯಾರದೋ ಮನೆಯ ಕಥೆಯೆಂಬಂತೆ ಕೇಳಿದ. ಅದೆಲ್ಲ ಬರೀ ನಂಬಿಕೆ, ಎಲೆಯ ರುಚಿಯಿಂದ ವಿಷ ತಿಳಿಯುವುದಿಲ್ಲ ಎಂದರು ಅವರು. ಬೈರೇಶನ ಎದೆಯಿಂದ ಉರುಳಿದ ಬಂಡೆಯ ಸದ್ದು ನಂದಿಬೆಟ್ಟಕ್ಕೂ ಕೇಳಿಸಿರಬೇಕು.

ಅಷ್ಟಕ್ಕೇ ಕೂತಿದ್ದರೆ ಚೆನ್ನಾಗಿತ್ತು.

"ಎಲೆ ಏನಾದ್ರೂ ಅನ್ಲಿ ಸಾರ್. ಬೆಳಿಗ್ಗೇನೇ ಆಸ್ಪತ್ರೆಗೆ ಕರ್ಕೊಂಡೋಗಿದ್ರೆ?"

"ಬಹುಶಃ ಬದುಕ್ತಿತ್ತು ಮಗು."

ಉರುಳಿದ ಬಂಡೆ ಬೆಟ್ಟವಾಗಿ ಹಿಂದಿರುಗಿತು.

ಮಧ್ಯಾಹ್ನ ಬಾಲ್ಯದ ಆಘಾತದ ಬಗ್ಗೆ ಮಾನಸ ಎಂಬ ಸಂಶೋಧಕಿ ಮಾತಾಡಿದರು. ಮಕ್ಕಳು ತಮ್ಮದಲ್ಲದ ತಪ್ಪನ್ನು ಜೀವಮಾನವಿಡೀ ಹೊರುತ್ತಾರೆ ಎಂದರು. ಬೈರೇಶ್ ಕೈಯೆತ್ತಿದ, ಇಳಿಸಿದ. ತಮ್ಮದೇ ತಪ್ಪನ್ನು ಹೊತ್ತವರ ಬಗ್ಗೆ ಆಯಮ್ಮ ಏನೂ ಹೇಳಲಿಲ್ಲ.

ಮನೆಯಲ್ಲಿ ಪಿಳ್ಳಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ತಲೆಯೆತ್ತದೆ ಕೇಳಿದಳು.

"ಓದ್ದೋರು ಏನಂದ್ರಪ್ಪಾ? ನಮ್ಮ ಪಾಪು ಉಳೀತಿತ್ತಂತಾ?"

"ಅದು ಹದಿನೈದು ಅಡಿ ಇರ್ಬೇಕಂತೆ ಕಣಮ್ಮ. ಯಾವ ಔಷಧೀಗೂ ಆಗ್ತಿರ್ಲಿಲ್ವಂತೆ."

"ಹಂಗಾದ್ರೆ ಸರಿ ಬಿಡು," ಎಂದು ಅವಳು ಇನ್ನೊಂದು ಕಾಯಿ ಬಿಡಿಸಿದಳು.