ಹತ್ತನೆಯ ಚಿತ್ರ

ಡಾಲ್ಫಿನ್‌ಗೆ ಕಣ್ಣು ಮಿಟುಕಿಸಲು ಕಲಿಸಿ ಮುಗಿಸಿದ ದಿನ ನೀರಜಾಕ್ಷಿಗೆ ಮಧ್ಯಾಹ್ನದ ಊಟ ಸೇರಲಿಲ್ಲ. ಬುತ್ತಿಯಲ್ಲಿದ್ದ ಬಂಗುಡೆ ಸಾರನ್ನು ಹಾಗೇ ಮುಚ್ಚಿಟ್ಟಳು. ಕಡಲ ಕರೆಯಲ್ಲಿ ಹುಟ್ಟಿ ಬೆಳೆದವಳಿಗೂ ಕಡಲಿನ ಹೆಸರೆತ್ತಿದರೆ ವಾಕರಿಕೆ ಬರುವಂತೆ ಮಾಡಿದ ಪುಣ್ಯಾತ್ಮ ಎದುರಿನ ಗಾಜಿನ ಕೋಣೆಯಲ್ಲೇ ಕೂತಿದ್ದ.

ಅವನ ಹೆಸರು ಲ್ಯೂಸಿಯೆನ್ ವಾಸ್ಸಾರ್. ಫ್ರಾನ್ಸಿನವನು, ಅರವತ್ತು ದಾಟಿದವನು, ಯಾವ ದೊಡ್ಡ ಕಂಪನಿಯ ಹಂಗೂ ಇಲ್ಲದೆ ಆನಿಮೇಷನ್ ಚಿತ್ರ ಮಾಡುವ ನಿರ್ಮಾಪಕ. ಇಪ್ಪತ್ತೆಂಟು ವರ್ಷಗಳಲ್ಲಿ ಒಂಬತ್ತೇ ಚಿತ್ರ. ಒಂದಕ್ಕಾಗಿ ಮನೆ ಮಾರಿದ್ದ. ಇನ್ನೊಂದಕ್ಕೆ ಹಾಡು ಸೇರಿಸಿ ಎಂದ ಟಿ.ವಿ.ಯವರನ್ನು ಬಾಗಿಲಿನಿಂದಲೇ ವಾಪಸು ಕಳಿಸಿದ್ದ. ಮಂಗಳೂರಿನಲ್ಲಿ ಚಿತ್ರಕಲೆ ಕಲಿಯುತ್ತಿದ್ದಾಗ ನೀರಜಾಕ್ಷಿ ಅವನದೊಂದು ಚಿತ್ರ ನೋಡಿದ್ದಳು. ಮುದುಕಿಯೊಬ್ಬಳು ಒಂದು ಗಂಟೆ ಹೊತ್ತು ಮಾತಿಲ್ಲದೆ ಬಟ್ಟೆ ಒಗೆಯುತ್ತಾಳೆ, ಅಷ್ಟೇ ಕತೆ. ಆ ಕೈಯ ನರಗಳನ್ನು ನೋಡಿ ಬಂದವಳು ಬ್ಯಾಂಕ್ ಪರೀಕ್ಷೆ ಬರೆಯುವುದಿಲ್ಲವೆಂದು ಮನೆಯಲ್ಲಿ ಹಟ ಹಿಡಿದಳು. ಹದಿನಾಲ್ಕು ವರ್ಷಗಳ ನಂತರ ಅದೇ ಮನುಷ್ಯ ಬಹರೈನಿನ ಗುದೈಬಿಯಾದಲ್ಲಿ ತಾನು ಕೆಲಸ ಮಾಡುತ್ತಿದ್ದ ಶರೀಫರ ಸಣ್ಣ ಸ್ಟುಡಿಯೋಗೆ ಚಿತ್ರ ಮಾಡಿಸಲು ಬರುತ್ತಾನೆಂದಾಗ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಕತೆ ಚೆನ್ನಾಗಿಯೇ ಇತ್ತು. ಮುತ್ತಿಗಾಗಿ ಮುಳುಗಿ ಮುಳುಗಿ ಕಿವಿ ಒಡೆದುಕೊಂಡ ಬಹರೈನಿನ ಮುದುಕನೊಬ್ಬ ಮಗಳ ಮಾತನ್ನು ತುಟಿ ನೋಡಿಯೇ ತಿಳಿಯಲು ಕಲಿಯುತ್ತಾನೆ. ಆ ಕಿವಿಯೊಂದನ್ನೇ ನೀರಜಾಕ್ಷಿ ಒಂದು ತಿಂಗಳು ಬಿಡಿಸಿದಳು. ಆಮೇಲೆ ಹಣ ಹಾಕಿದ ಹೋಟೆಲ್ ಕಂಪನಿಯ ಮ್ಯಾನೇಜರ್ ಬಂದ. ಕಿವಿಯಲ್ಲಿ ರಕ್ತ ಬೇಡ ಎಂದ. ವಾಸ್ಸಾರ್, ಆಗಲಿ ಎಂದ. ಕಿವುಡು ಬೇಡ, ನೋಡಿದವರಿಗೆ ಬೇಜಾರಾಗುತ್ತದೆ ಎಂದ. ಆಗಲಿ. ಮುದುಕನೂ ಬೇಡ, ನುಣ್ಣನೆ ಮುಖದವನು ಇರಲಿ. ಆಗಲಿ. ಜೊತೆಗೊಂದು ಮಾತಾಡುವ ಡಾಲ್ಫಿನ್ ಬೇಕು, ಅದು ಕೊನೆಯಲ್ಲಿ ಹೋಟೆಲಿನ ಈಜುಕೊಳಕ್ಕೆ ಹಾರಬೇಕು. ಅದಕ್ಕೂ ಆಗಲಿ! ಮನೆ ಮಾರಿದವನು ಇವನೇ ಹೌದೋ ಅಲ್ಲವೋ ಎಂದು ಅವಳಿಗೆ ಸಂಶಯ ಬಂತು.

ಮನಸ್ಸಿನಲ್ಲಿ ಬೈಯುತ್ತಲೇ ಎಲ್ಲವನ್ನೂ ಬಿಡಿಸಿಕೊಟ್ಟಳು ಎಂಬುದೂ ನಿಜ. ಇಲ್ಲವೆಂದರೆ ಕೆಲಸ ಹೋಗುತ್ತಿತ್ತು, ಕೆಲಸದ ಬೆನ್ನಿಗೆ ವೀಸಾ.

ವಾಸ್ಸಾರನ ಚಿತ್ರಗಳಲ್ಲಿ ಕೊನೆಗೆ ಪರದೆಯ ಮೇಲೆ ಬರುವ ಹೆಸರುಗಳನ್ನು ಕೈಯಿಂದಲೇ ಬರೆಯುವ ಪದ್ಧತಿ. ಅಕ್ಷರ ದುಂಡಗಿದ್ದ ತಪ್ಪಿಗೆ ಆ ಕೆಲಸವೂ ನೀರಜಾಕ್ಷಿಯ ತಲೆಗೆ ಬಂತು. ಶರೀಫರು ಪಟ್ಟಿ ತಂದು ಮೇಜಿನ ಮೇಲಿಟ್ಟರು.

"ಮೊದಲನೇ ಹೆಸರು ಓದು ನೀರಜಾ."

ನಿರ್ಮಾಪಕಿ, ನೀರಜಾಕ್ಷಿ ಎಂದಿತ್ತು.

"ಇದೆಂತ ಸರ್? ನಾನಾ?"

"ವಾಸ್ಸಾರ್ ಅವರೇ ಬರೆದು ಕೊಟ್ಟದ್ದು. ನಿನ್ನ ಅದೃಷ್ಟ ಮಾರಾಯ್ತಿ! ನಾನು ಹದಿನೈದು ವರ್ಷದಿಂದ ಸ್ಟುಡಿಯೋ ನಡೆಸ್ತಾ ಇದ್ದೇನೆ, ನನ್ನ ಹೆಸರು ಒಬ್ಬನೂ ಅಷ್ಟು ಮೇಲೆ ಹಾಕಲಿಲ್ಲ."

ಅವಳು ಹಿಗ್ಗಿದಳು. ಮುಚ್ಚಿಡುವುದೇಕೆ, ಚೆನ್ನಾಗಿಯೇ ಹಿಗ್ಗಿದಳು. ಎ.ಸಿ. ಮೆಕ್ಯಾನಿಕ್ ಆಗಿದ್ದ ಗಂಡ ಚೆನ್ನಪ್ಪನಿಗೆ ಫೋನ್ ಮಾಡಿದಳು. ಸಂಜೆಯೊಳಗೆ ಅವನು ಇಡೀ ಬಿಲ್ಡಿಂಗಿಗೆ ಹೇಳಿ, ಪ್ರದರ್ಶನಕ್ಕೆ ಊರಿನವರು ಹನ್ನೆರಡು ಜನರನ್ನು ಹೊರಡಿಸಿಯೂ ಆಗಿತ್ತು.

ಮರುದಿನ ಬೆಳಿಗ್ಗೆ ಥ್ಯಾಂಕ್ಸ್ ಹೇಳಲು ಗಾಜಿನ ಕೋಣೆಗೆ ಹೋದಳು. ವಾಸ್ಸಾರ್ ಕಿತ್ತಳೆ ಸುಲಿಯುತ್ತಿದ್ದ. ತಲೆ ಎತ್ತದೆ ಇಂಗ್ಲಿಷಿನಲ್ಲಿ ಹೇಳಿದ:

"ಥ್ಯಾಂಕ್ಸ್ ಯಾಕೆ? ನನ್ನ ಹೆಸರಿರುವುದು ಒಂಬತ್ತು ಚಿತ್ರಗಳ ಮೇಲೆ. ಮಾಡಿರುವುದು ಇಪ್ಪತ್ತರ ಹತ್ತಿರ."

"ಉಳಿದವುಗಳ ಮೇಲೆ ಯಾರ ಹೆಸರಿದೆ, ಸರ್?"

"ಆಯಾ ಊರಿನಲ್ಲಿ ಸಿಕ್ಕಿದವರದು. ಎಲ್ಲರಿಗೂ ತುಂಬಾ ಖುಷಿಯಾಗಿತ್ತು." ಒಂದು ತೊಳೆ ಬಾಯಿಗೆ ಹಾಕಿಕೊಂಡ. "ಆ ಒಂಬತ್ತು ಚೊಕ್ಕವಾಗಿರಬೇಕಾದರೆ ಹೀಗೆ ಮಾಡಲೇಬೇಕು. ನೀವಿನ್ನೂ ಚಿಕ್ಕವರು, ನಿಮಗೇನೂ ನಷ್ಟವಿಲ್ಲ."

ರಸ ಅಂಟಿದ ಬೆರಳುಗಳನ್ನು ಅವನು ಅವಳದೇ ಹಳೆಯ ರೇಖಾಚಿತ್ರವೊಂದಕ್ಕೆ ಒರೆಸಿಕೊಂಡ. ಅದು ಮುದುಕನ ಕಿವಿ. ನೀರಜಾಕ್ಷಿಗೆ ಅವನ ಮೇಲೆ ಬಂದ ಅಸಹ್ಯಕ್ಕಿಂತ, ನಿನ್ನೆ ಗಂಡನಿಗೆ ಫೋನ್ ಮಾಡಿ ನಕ್ಕ ತನ್ನ ನಗುವಿನ ಮೇಲೆ ಬಂದ ಅಸಹ್ಯವೇ ದೊಡ್ಡದಾಗಿತ್ತು. ಹತ್ತು ಹನ್ನೊಂದು ಊರುಗಳಲ್ಲಿ ಹತ್ತು ಹನ್ನೊಂದು ಜನ ಹೀಗೇ ಮನೆಗೆ ಫೋನ್ ಮಾಡಿರಬೇಕು, ಪಾಪ.

ಮೇಜಿಗೆ ಬಂದು ಕುಂಚ ತೊಳೆದುಕೊಂಡಳು. ಇಂಗ್ಲಿಷಿನಲ್ಲೂ ಅರಬ್ಬಿಯಲ್ಲೂ ಹೆಸರುಗಳನ್ನು ಬರೆದಳು. ಅಷ್ಟು ಚೆಂದದ ಅಕ್ಷರ ಅವಳ ಕೈಯಿಂದ ಹಿಂದೆಂದೂ ಬಂದಿರಲಿಲ್ಲ. ಕಳಿಸುವ ಮೊದಲು ಮ್ಯಾನೇಜರ್ ಹೋಟೆಲಿನ ಹೆಸರು ದೊಡ್ಡದಾಗಿದೆಯೇ ಎಂದಷ್ಟೇ ನೋಡಿದ. ಶರೀಫರು ಅದನ್ನೂ ನೋಡಲಿಲ್ಲ, ವಾಸ್ಸಾರ್ ಅತ್ತ ಸುಳಿಯಲೇ ಇಲ್ಲ.

ಮನಾಮಾದ ಹೋಟೆಲಿನ ಸಭಾಂಗಣದಲ್ಲಿ ಸಂಜೆ ಐದಕ್ಕೆ ಪ್ರದರ್ಶನ. ಡಾಲ್ಫಿನ್ ಈಜುಕೊಳಕ್ಕೆ ಹಾರಿತು, ಜನ ಚಪ್ಪಾಳೆ ತಟ್ಟಿದರು. ಪರದೆ ಕಪ್ಪಾಗಿ ಮೊದಲ ಹೆಸರು ಬಂತು. ನಿರ್ಮಾಪಕ, ಲ್ಯೂಸಿಯೆನ್ ವಾಸ್ಸಾರ್. ಪರದೆಯ ಈ ತುದಿಯಿಂದ ಆ ತುದಿಯವರೆಗೆ ಅದೊಂದೇ ಹೆಸರು, ಹನ್ನೆರಡು ಸೆಕೆಂಡು ಅಲ್ಲಾಡದೆ ನಿಂತಿತು. ಮುಂದಿನ ಸಾಲಿನಲ್ಲಿ ಕೂತಿದ್ದ ವಾಸ್ಸಾರನ ಕುತ್ತಿಗೆ ಕೆಂಪಾಯಿತು.

"ನಿನ್ನ ಹೆಸರು ಎಲ್ಲಿ ಮಾರಾಯ್ತಿ?" ಚೆನ್ನಪ್ಪ ಪಿಸುಗುಟ್ಟಿದ. "ಇಷ್ಟು ಜನರನ್ನು ಕರ್ಕೊಂಡು ಬಂದಿದ್ದೇನಲ್ಲ ನಾನು!"

"ಬರ್ತದೆ, ಕೂತ್ಕೊಳ್ಳಿ."

ಎಲ್ಲರದೂ ಮುಗಿದ ಮೇಲೆ, ಕೊನೆಯಲ್ಲಿ, ಸಣ್ಣ ಅಕ್ಷರಗಳಲ್ಲಿ ಬಂತು. ಡಾಲ್ಫಿನ್ ಬಿಡಿಸಿದವಳು, ನೀರಜಾಕ್ಷಿ.

"ಅಷ್ಟೆಯಾ?"

"ಅಷ್ಟೇ. ನಾನು ಮಾಡಿದ್ದು ಅದು."

ಮ್ಯಾನೇಜರ್ ವಾಸ್ಸಾರನ ಕೈ ಹಿಡಿದು ವೇದಿಕೆಗೆ ಎಳೆದುಕೊಂಡು ಹೋದ. ಇವರ ಇಷ್ಟು ವರ್ಷಗಳ ದುಡಿಮೆಯಲ್ಲಿ ಇದೇ ಅತಿ ಶ್ರೇಷ್ಠ ಚಿತ್ರವೆಂದು ಮೈಕಿನಲ್ಲಿ ಸಾರಿದ. ಕ್ಯಾಮೆರಾಗಳು ಮಿಂಚಿದವು. ವಾಸ್ಸಾರ್ ಬಗ್ಗಿ ವಂದಿಸಲೇಬೇಕಾಯಿತು. ಶರೀಫರು ಬಾಗಿಲ ಬಳಿ ತಲೆಗೆ ಕೈ ಕೊಟ್ಟು ನಿಂತಿದ್ದರು. ನಾಳೆ ತನಗೆ ಮೇಜು ಇರುವುದಿಲ್ಲವೆಂದು ನೀರಜಾಕ್ಷಿಗೆ ಅವರ ಮುಖ ನೋಡಿದಾಗಲೇ ಗೊತ್ತಾಯಿತು.

ವಾಸ್ಸಾರ್ ವೇದಿಕೆ ಇಳಿದು ಅವಳ ಕುರ್ಚಿಯ ಪಕ್ಕ ಬಂದು ನಿಂತ. ಅವಳೇ ಎದ್ದು ದಾರಿ ಬಿಟ್ಟಳು.

"ಈಗ ಹತ್ತು, ಸರ್" ಎಂದಳು.